ತಪ್ಪಿನ ವಹಿ

ಜಲಾಲುದ್ದೀನನ ಮನೆಯಲ್ಲಿ ಚಹಾ ಕುಡಿದವರು ತಮ್ಮ ಮನೆಗೆ ಬಂದು ಇನ್ನೊಮ್ಮೆ ಬಿಸಿ ಚಹಾ ಕುಡಿಯಬೇಕು ಎಂದು ತ್ರಿಕೂಟ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನವರು ಅನ್ನುತ್ತಿದ್ದರು. ಯಾಕೆಂದರೆ ಆ ಮನುಷ್ಯ ಡಬ್ಬಿಯಿಂದ ಸಕ್ಕರೆ ತೆಗೆದವನೇ ಕಪ್ಪಿಗೆ ಹಾಕುತ್ತಿರಲಿಲ್ಲ. ನಾಲ್ಕು ಕಾಳು ಅಂಗೈಗೆ ಸುರುವಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವುದು. "ಇದು ನಮ್ಮದಲ್ಲ. ಅವಸರದಾಗ ಕುದಿಸ್ಯಾರ, ಕಾಳಿನ ಮೂಲಿ ಮುರದಾವ ನೋಡ್ರಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಪಕ್ಕದ ಮನೆಯ ಲೀಲಾಬಾಯಿ ಕಾರ್ಖಾನೆಯ ಸಾಲೆಯಲ್ಲಿ ಟೀಚರಾಗಿದ್ದವರು. "ಅವ್ರಿಗೆ ಸಕ್ರಿ ಬಿಟ್ಟು ಬ್ಯಾರೆ ಏನರ ಕೇಳ್ರಿ, ಒಂದ ಮಾತಿನ್ಯಾಗ ಮುಗಸ್ತಾರ. ಸಕ್ರಿ ಸುದ್ದಿ ತಗದ್ರೆಂದ್ರ ಮಾತ್ರ ನೀವು ಬುತ್ತಿ ಕಟಗೊಂಡ ಕುಂದ್ರಬೇಕು" ಎಂದು ಅವರು ನಗುತ್ತಿದ್ದರು.

ಇದು ಮೊದಲಿನ ಮಾತು. ಕಡೆಯ ಹಂಗಾಮಿನಲ್ಲಿ ನಳದ ಕಟ್ಟೆಯ ಮಾತು ಬೇರೆಯಾಯಿತು. "ಕೂಡಿ ಉಂಡವರ ಗುಟ್ಟು ಸಾಹೇಬರ ಟೇಬಲ್ ಮ್ಯಾಲೆ ಇಟ್ಟು ಬಂದಾಂವ" ಅಂದರು. "ಆಸಿಫನ ಅನ್ನ ತಿಂದ ಮುದುಕ" ಅಂದರು. ಜಲಾಲುದ್ದೀನ ಕೊಡ ಹಿಡಿದು ಪಾಳಿಗೆ ನಿಂತಾಗ ಅವನಿಗೆ ಕೇಳುವಂತೆಯೇ ಅಂದರು. ಪೂರ್ತಿ ಸುಳ್ಳಾಗಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅರ್ಧ ಖರೆ ಇತ್ತು.

ಕಾರ್ಖಾನೆ ಇದ್ದದ್ದು ಕುಳಗೇರಿ ಕ್ರಾಸಿನಿಂದ ಒಳಕ್ಕೆ, ಮಲಪ್ರಭೆಯ ನೀರು ಉಣ್ಣುವ ಕಬ್ಬಿನ ಹೊಲಗಳ ನಡುವೆ. ಜಲಾಲುದ್ದೀನ ಅಲ್ಲಿ ಪ್ಯಾನ್‌ಮನ್. ಹಾಗೆಂದರೆ ಕಬ್ಬಿನ ಹಾಲು ಕುದ್ದು ಕುದ್ದು ಪಾಕವಾಗಿ ಮೂರನೇ ಅಂತಸ್ತಿಗೆ ಬಂದ ಮೇಲೆ ಅದನ್ನು ಕಾಳುಗಟ್ಟಿಸಿ ಸಕ್ಕರೆ ಮಾಡುವವನು. ಅಲ್ಲಿ ಒಂದೊಂದು ಪ್ಯಾನು ಒಂದು ಮನೆಯಷ್ಟು ದೊಡ್ಡ ಕಬ್ಬಿಣದ ಹಂಡೆ. ಒಳಗೆ ಏನು ನಡೆದಿದೆ ಎಂದು ನೋಡಲು ಹಿತ್ತಾಳೆಯ ಸರಳೊಂದನ್ನು ಅದರ ಹೊಟ್ಟೆಗೆ ಹೊಗಿಸಿ ಎಳೆಯಬೇಕು. ಅದರ ತುದಿಗೆ ಬಂದ ಪಾಕವನ್ನು ಅಂಗೈಯಗಲದ ಗಾಜಿನ ಮೇಲೆ ಸವರಿ ಬಲ್ಬಿನ ಬೆಳಕಿಗೆ ಹಿಡಿಯಬೇಕು. ಕಾಳು ಒಂದೇ ಸಮ ಇದ್ದರೆ ಸರಿ. ದೊಡ್ಡ ಕಾಳುಗಳ ನಡುವೆ ಹಿಟ್ಟಿನಂಥ ಸಣ್ಣ ಕಾಳು ಹುಟ್ಟಿದ್ದರೆ ಅದು ಹುಸಿಕಾಳು. ಹುಸಿಕಾಳು ಬಿತ್ತೆಂದರೆ ಟನ್ನುಗಟ್ಟಲೆ ಪಾಕವನ್ನು ಮತ್ತೆ ಕರಗಿಸಿ ಮೊದಲಿನಿಂದ ಕುದಿಸಬೇಕು. ಅರ್ಧ ದಿನದ ದುಡಿಮೆ ನೀರುಪಾಲು.

ಆ ಮೂರನೇ ಅಂತಸ್ತಿಗೆ ಒಂದು ಪದ್ಧತಿ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ. ಪಾಳಿ ಮುಗಿಸಿ ಇಳಿಯುವ ಪ್ಯಾನ್‌ಮನ್ ಮುಂದಿನ ಪಾಳಿಯವನು ಮೆಟ್ಟಿಲು ಹತ್ತುವ ಮೊದಲೇ ತನ್ನ ಗಾಜನ್ನು ಒರೆಸಿಬಿಡಬೇಕು. "ಹೆಂಗೈತಿ?" ಎಂದರೆ "ಎಲ್ಲಾ ಬರೋಬ್ಬರಿ ಐತಿ" ಅನ್ನಬೇಕು. ಅಷ್ಟೇ.

ಜಲಾಲುದ್ದೀನನಿಗೆ ಇದನ್ನು ಕಲಿಸಿದವನು ಹುನಗುಂದದ ಹುಸೇನಪೀರ ಉಸ್ತಾದ. "ಐದು ತಿಂಗಳ ಕಬ್ಬು, ಏಳು ತಿಂಗಳ ಮನಿ. ಮುಂದಿನ ವರ್ಷ ನಮ್ಮನ್ನ ಕರೀಬೇಕಂದ್ರ ನಮ್ಮ ಹತ್ರ ಏನರ ಇರಬೇಕಲಾ? ಆ ಗಾಜಿನ್ಯಾಗ ನಮ್ಮ ಅನ್ನ ಐತಿ ತಮ್ಮಾ. ಒರಿಸಿ ಇಳಿ" ಎಂದಿದ್ದ. ಮಾತು ಎಷ್ಟು ಗಟ್ಟಿ ಎಂದರೆ ಸ್ವಂತ ಶಿಷ್ಯನಿಗೂ ಗಾಜು ತೋರಿಸಲಿಲ್ಲ. ಸರಳು ಎಳೆಯುವುದು ಜಲಾಲುದ್ದೀನ, ಗಾಜು ನೋಡುವುದು ಉಸ್ತಾದ, ಅದೂ ಗೋಡೆಗೆ ಮುಖ ಮಾಡಿ ನಿಂತು. ಹೀಗೆ ಆರು ಹಂಗಾಮು ನಡೆಯಿತು.

ಕಲಿಯುವವನು ಎಲ್ಲಿಂದಲಾದರೂ ಕಲಿಯುತ್ತಾನೆ. ಜಲಾಲುದ್ದೀನ ಗಾಜು ಒರೆಸಿದ ಅರಿವೆಯನ್ನು ಕದ್ದು, ಮೆಟ್ಟಿಲ ಕೆಳಗೆ ಕುಳಿತು, ಹೆಬ್ಬೆಟ್ಟು ತೋರುಬೆರಳ ನಡುವೆ ತಿಕ್ಕಿ ಕಾಳಿನ ಅಳತೆ ಕಲಿತ. ಒಂದು ದಿನ ಉಸ್ತಾದನ ಕಣ್ಣಿಗೆ ಬಿದ್ದ. ಉಸ್ತಾದ ಬೈಯಲಿಲ್ಲ. ಮರುದಿನದಿಂದ ಅರಿವೆಯನ್ನು ತಾನೇ ಒಗೆದು ಹಿಂಡಿ ಒಣಹಾಕಿ ಮನೆಗೆ ಹೋಗತೊಡಗಿದ.

ಅರಿವೆಯಿಂದ ಕಲಿತ ವಿದ್ಯೆಗೆ ಅರಿವೆಯದೇ ಐಬು. ಅದು ಅವನ ಕೈಗೆ ಬರುವ ಹೊತ್ತಿಗೆ ಪಾಕ ತಣ್ಣಗಾಗಿರುತ್ತಿತ್ತು. ತಣ್ಣಗಾದ ಪಾಕದಲ್ಲಿ ಕಾಳು ಇನ್ನಷ್ಟು ದಪ್ಪವಾಗಿರುತ್ತದೆ. ಆ ದಪ್ಪವನ್ನೇ ಸರಿಯಾದ ಅಳತೆ ಎಂದು ನಂಬಿದ್ದ ಜಲಾಲುದ್ದೀನ ಸ್ವತಂತ್ರವಾಗಿ ಪ್ಯಾನು ಹಿಡಿದ ಮೊದಲ ವರ್ಷ ಬಿಸಿ ಪಾಕದಲ್ಲಿ ಅಂಥ ಕಾಳು ಬರಲಿ ಎಂದು ಕಾದ. ಕಾದೂ ಕಾದೂ ಪಾಕ ಕಲ್ಲಿನಂತಾಯಿತು. ಹಂಡೆಯಿಂದ ಇಳಿಯದೆ ಉಗಿ ಹೊಡೆದು ಕರಗಿಸಬೇಕಾಯಿತು. ಎರಡು ಹಂಗಾಮು ಬೈಸಿಕೊಂಡ. ಉಸ್ತಾದನ ಒಂದು ಮಾತಿನಿಂದ ತಿಳಿಯಬಹುದಾಗಿದ್ದ ಸಂಗತಿ ಅದು. ಆ ಸಿಟ್ಟು ಅವನಿಗೆ ಐವತ್ತೇಳರ ವಯಸ್ಸಿನಲ್ಲೂ ಆರಿರಲಿಲ್ಲ. ವಿಚಿತ್ರವೆಂದರೆ ಆ ಸಿಟ್ಟು ಇಟ್ಟುಕೊಂಡೇ ಅವನೂ ಇಪ್ಪತ್ತಾರು ವರ್ಷ ಗಾಜು ಒರೆಸಿದ.

ಒಂದು ಜನವರಿ. ಕಬ್ಬು ಹಿಂಡುವ ಗಾಣ ಕೆಟ್ಟು, ಕಬ್ಬಿನ ಗಾಡಿಗಳು ನಾಲ್ಕು ದಿನ ಅಂಗಳದಲ್ಲೇ ಬಿಸಿಲುಂಡು ನಿಂತವು. ಹಾಗೆ ಒಣಗಿದ ಕಬ್ಬಿನ ಪಾಕ ಅಂಟಂಟು. ಸಾವಕಾಶ ಕುದಿಸದಿದ್ದರೆ ಕೈಕೊಡುತ್ತದೆ. ಜಲಾಲುದ್ದೀನ ಮಧ್ಯಾಹ್ನದ ಹೊತ್ತಿಗೇ ಗಾಜಿನಲ್ಲಿ ಅದನ್ನು ಕಂಡುಕೊಂಡ, ಉಗಿ ತಗ್ಗಿಸಿ ತನ್ನ ಪ್ಯಾನು ದಾಟಿಸಿಕೊಂಡ. ನಾಲ್ಕಕ್ಕೆ ಆಸಿಫ ಬಂದ. ಇಳಕಲ್ಲಿನವನು, ಮೂವತ್ತೈದರ ಆಸುಪಾಸು, ಹಂಗಾಮಿಗೆ ಮಾತ್ರ ಬರುವ ನೌಕರ. ಕೈ ಚುರುಕು.

"ಹೆಂಗೈತಿ ಚಾಚಾ?"

"ಎಲ್ಲಾ ಬರೋಬ್ಬರಿ ಐತಿ."

ಆಸಿಫ ಎಂದಿನಂತೆ ಕುದಿಸಿದ. ಸಾಲಾಗಿ ಎರಡು ಪ್ಯಾನು ಹುಸಿಕಾಳು. ಮರುದಿನ ಆಗಿನ ಸಾಹೇಬ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಆ ಕೆಟ್ಟ ಸಕ್ಕರೆಯನ್ನು ಬೊಗಸೆಗೆ ಸುರುವಿ, ಎಲ್ಲರೆದುರು "ತಿನ್ನು" ಅಂದ. ಆಸಿಫ ತಿಂದ. ಜಲಾಲುದ್ದೀನ ಗುಂಪಿನ ಹಿಂದೆ ನಿಂತು ನೋಡಿದ. ಮನೆಗೆ ಬಂದು ಹೆಂಡತಿ ರಂಜಾನಬಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಬಾಯಿ ಬಿಟ್ಟು ಒಂದ ಮಾತು ಹೇಳಿದ್ರ ನಿಮ್ಮ ಹಲ್ಲು ಉದರ್ತಿದ್ವೇನು?" ಅಂದಳು.

ಮುಂದಿನ ಹಂಗಾಮಿಗೆ ಬಾದಾಮಿಯ ಗುರುರಾಜರಾಯರು ಸಕ್ಕರೆ ವಿಭಾಗಕ್ಕೆ ಮ್ಯಾನೇಜರಾಗಿ ಬಂದರು. ಓದಿದ ಮನೆತನ, ಮೆತ್ತಗಿನ ಮಾತು. ಬಂದ ತಿಂಗಳಲ್ಲೇ ಜಲಾಲುದ್ದೀನನನ್ನು ಕರೆದು ಕೂಡಿಸಿಕೊಂಡರು.

"ಹುಸಿಕಾಳು ಬೀಳೂದು ಯಾವಾಗ, ನೋಡೀರೇನು? ಪಾಳಿ ಬದಲಾದ ಮ್ಯಾಲೆ ಎರಡ ತಾಸಿನ್ಯಾಗ. ಯಂತ್ರಕ್ಕ ಪಾಳಿ ಗೊತ್ತಿಲ್ಲ, ಪಾಕಕ್ಕ ಗೊತ್ತಿಲ್ಲ. ಯಾರಿಗ ಗೊತ್ತದ?"

ಜಲಾಲುದ್ದೀನ ತಲೆ ತಗ್ಗಿಸಿದ. ಆಮೇಲೆ ಅರಿವೆಯ ಕತೆ, ಉಸ್ತಾದನ ಕತೆ, ಆಸಿಫನ ಬೊಗಸೆಯ ಕತೆ, ಎಲ್ಲ ಹೇಳಿದ. ರಾಯರು ಒಂದು ದಪ್ಪ ವಹಿ ತರಿಸಿದರು. ಮೊದಲ ಪುಟದಲ್ಲಿ ತಮ್ಮ ಕೈಯಾರೆ ಬರೆದರು: 'ಇದರಲ್ಲಿ ಬರೆದ ತಪ್ಪಿಗೆ ಯಾರಿಗೂ ಶಿಕ್ಷೆ ಇಲ್ಲ. ಮುಂದಿನವನಿಗೆ ತಿಳಿಯಲಿ ಎಂದು ಬರೆಯುವುದು.' ಕೆಳಗೆ ಸಹಿ ಹಾಕಿದರು.

ವಹಿಯಲ್ಲಿ ಮೂರು ವಾರ ಒಂದೂ ತಪ್ಪು ಬೀಳಲಿಲ್ಲ. ಮೂರನೆಯ ಪ್ಯಾನ್‌ಮನ್ ತೌಸಿಫ ಅದನ್ನು ಹಾವಿನಂತೆ ನೋಡಿದ. "ನಮ್ಮಪ್ಪ ಸಾಯೂಮುಂದ ಎರಡ ಮಾತು ಹೇಳ್ಯಾನ. ಎತ್ತಿನ ಹಿಂದ ನಿಂದ್ರಬ್ಯಾಡ, ಕಾಗದದ ಮ್ಯಾಲೆ ಸಹಿ ಮಾಡಬ್ಯಾಡ" ಎಂದು ದಿನಾ 'ಎಲ್ಲ ಸರಿ' ಎಂದಷ್ಟೇ ಬರೆದು ಇಳಿಯತೊಡಗಿದ.

ಕಡೆಗೆ ಮೊದಲ ತಪ್ಪನ್ನು ಜಲಾಲುದ್ದೀನನೇ ಬರೆದ. ಒಣಗಿದ ಕಬ್ಬು, ಅಂಟು ಪಾಕ, ಗೊತ್ತಿದ್ದೂ ಹೇಳದೆ ಇಳಿದದ್ದು, ಆಸಿಫನ ಎರಡು ಪ್ಯಾನು ಹೋದದ್ದು. ನಾಲ್ಕಕ್ಕೆ ಬಂದ ಆಸಿಫ ನಿಂತಲ್ಲೇ ಓದಿದ.

"ನನಗ ಆವತ್ತ ಗೊತ್ತಾಗಿತ್ತು ಚಾಚಾ" ಅಂದ. "ನಿಮ್ಮ ಬಾಯಿಂದ ಯಾವಾಗರ ಬರತೈತೇನು ಅಂತ ಕಾದಿದ್ನಿ."

"ಬಂತಲಾ. ಈಗ ನೀನೂ ಬರಿ."

"ನೀವು ಪರ್ಮನೆಂಟ್. ಬರೀತೀರಿ, ಮನಿಗೆ ಹೋಗಿ ಮಲಗ್ತೀರಿ. ನಾ ಬರದ್ರ ಅಕ್ಟೋಬರದಾಗ ಕಾಲ್ ಲೆಟರ್ ಬರೂದಿಲ್ಲ. ಮನ್ಯಾಗ ನರ್ಗೀಸ ಒಬ್ಬಾಕಿ ಮಗ್ಗದ ಮ್ಯಾಲೆ ಕುಂತು ಎಷ್ಟಂತ ನೇಯಬೇಕು?"

"ಏನೂ ಆಗೂದಿಲ್ಲ. ರಾಯರ ಸಹಿ ಐತಿ. ಅದಕಿಂತ ಹೆಚ್ಚಿಗೆ ನನ್ನ ಮಾತು ಐತಿ, ತಗೋ."

ಆಸಿಫ ಅವನ ಮುಖವನ್ನೇ ನೋಡಿದ. ಗಾಜಿನಲ್ಲಿ ಕಾಳು ನೋಡುವ ಹಾಗೆ ನೋಡಿದ. ಆಮೇಲೆ ಪೆನ್ನು ಈಸಿಕೊಂಡ.

ಒಮ್ಮೆ ಶುರುವಾದ ಮೇಲೆ ಆಸಿಫ ನಿಲ್ಲಲಿಲ್ಲ. ಬೇರೆಯವರು ಮುಚ್ಚಿಕೊಳ್ಳುವಂಥ ಸಣ್ಣ ಸಂಗತಿಯನ್ನೂ ಬರೆದ. ಉಗಿ ಬಿಡುವಾಗ ಹಾಡು ಕೇಳುತ್ತಿದ್ದೆ, ಅರೆಗಳಿಗೆ ತಡವಾಯಿತು. ಹುಸಿಕಾಳು ಕಾಣಿಸಿತು, ನೀರು ಬಿಟ್ಟು ತೊಳೆದೆ, ಒಳ್ಳೆಯ ಕಾಳೂ ಕರಗಿತು, ಹೀಗೆ ಮಾಡಬಾರದು. ಕೈಬರಹ ಮುತ್ತಿನಂತಿತ್ತು. ಜಲಾಲುದ್ದೀನ ಪಾಳಿಗೆ ಬಂದೊಡನೆ ಮೊದಲು ಅದನ್ನು ಓದುವುದು, ಆಮೇಲೆ ಪ್ಯಾನು ಮುಟ್ಟುವುದು. ಗಾಜು ಒರೆಸುವುದು ನಿಂತಿತು. ಇಬ್ಬರೂ ಬಲ್ಬಿನ ಕೆಳಗೆ ತಲೆಗೆ ತಲೆ ಹಚ್ಚಿ ಒಂದೇ ಗಾಜು ನೋಡಿದರು.

"ಚಾಚಾ, ನಿಮ್ಮ ಕಣ್ಣು ಹೋಗ್ಯಾವ. ಇಲ್ಲಿ ನೋಡ್ರಿ, ಹಿಟ್ಟು."

"ಲೇ, ಅದು ಹಿಟ್ಟಲ್ಲ, ನಿನ್ನ ಬೆರಳಿನ ಬೆವರು. ಗಾಜಿನ ಅಂಚು ಹಿಡಿ."

ಹಿಂದಿನ ವರ್ಷ ಮೂವತ್ತೊಂದು ಪ್ಯಾನು ಹಾಳಾಗಿದ್ದವು. ಆ ವರ್ಷ ಒಂಬತ್ತು. ಜಲಾಲುದ್ದೀನ ತನ್ನ ಜೀವಮಾನದಲ್ಲಿ ಉಂಡ ಒಂದೇ ಸುಖದ ಹಂಗಾಮು ಅದು.

ರಾಯರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಜನರಲ್ ಮ್ಯಾನೇಜರಾಗಿ ಶಿರೀಷ ಬಂದ. ಬಾಗಲಕೋಟೆಯವನೇ, ಪುಣೆಯಲ್ಲಿ ಓದಿದವನು, ಮೂವತ್ತನಾಲ್ಕು ವಯಸ್ಸು. ಬಂದ ವಾರವೇ ಎಲ್ಲರನ್ನೂ ಮೀಟಿಂಗ್ ಹಾಲ್‌ನಲ್ಲಿ ಕೂಡಿಸಿ ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿದ. "ನಾಲೆಡ್ಜ್ ಮ್ಯಾನೇಜ್‌ಮೆಂಟ್ ಅಂದ್ರ ಇಷ್ಟರಿ. ತಿಳುವಳಿಕಿ ಒಬ್ಬಾವನ ತಲಿಯೊಳಗ ಇರಬಾರದು, ಕಂಪನಿಯೊಳಗ ಇರಬೇಕು. ಮನಶಾ ಹೋಗ್ತಾನ, ಕಂಪನಿ ಇರ್ತದ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಜಲಾಲುದ್ದೀನ. ತಾನು ಆರು ವರ್ಷ ಗೋಡೆ ನೋಡುತ್ತ ನಿಂತದ್ದಕ್ಕೆ ಈಗ ಉತ್ತರ ಸಿಕ್ಕಿತು ಅಂದುಕೊಂಡ. ವಹಿಯನ್ನು ತಾನೇ ಎರಡೂ ಕೈಯಲ್ಲಿ ಹೊತ್ತು ಕೆಳಗಿಳಿಸಿ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟ. ನಳದ ಕಟ್ಟೆಯವರು ಆಮೇಲೆ ಹೇಳಿದ ಅರ್ಧ ಖರೆ ಇದೇ.

ಆಫೀಸಿನ ಮಯೂರಿ ಇಡೀ ವಹಿಯನ್ನು ಕಂಪ್ಯೂಟರಿಗೆ ಹತ್ತಿಸಿದಳು. ತಾರೀಖು, ಪಾಳಿ, ಹೆಸರು, ತಪ್ಪು. ಮೊದಲ ಪುಟಕ್ಕೆ ತಾರೀಖೂ ಇರಲಿಲ್ಲ, ತಪ್ಪೂ ಇರಲಿಲ್ಲ. ಅದು ಪಟ್ಟಿಯ ಯಾವ ಮನೆಯಲ್ಲೂ ಕೂಡಲಿಲ್ಲ, ಬಿಟ್ಟಳು. ಹಳೆಯ ವಹಿ ರದ್ದಿಗೆ ಹೋಯಿತು.

ನೋಟೀಸ್ ಬೋರ್ಡಿಗೆ ಪಟ್ಟಿ ಬಂತು. ಕಂಬದಂಥ ಗೆರೆಗಳು. ಆಸಿಫನ ಕಂಬ ಎಲ್ಲರಿಗಿಂತ ಎತ್ತರ, ಕೆಂಪು ಬಣ್ಣ: ನಲವತ್ತೊಂದು. ಜಲಾಲುದ್ದೀನ ಇಪ್ಪತ್ತಾರು. ತೌಸಿಫನಿಗೆ ಕಂಬವೇ ಇಲ್ಲ. ಅವನಿಗೆ 'ಶೂನ್ಯ ತಪ್ಪು' ಎಂಬ ಪ್ರಮಾಣಪತ್ರ. ವಹಿ ಶುರು ಮಾಡಿದ್ದಕ್ಕೆ ಜಲಾಲುದ್ದೀನನಿಗೆ 'ಜ್ಞಾನಮಿತ್ರ' ಎಂದು ಬರೆದ ಒಂದು ಫಲಕ. ತೌಸಿಫ ಪ್ರಮಾಣಪತ್ರ ಹಿಡಿದುಕೊಂಡು ನಗಲೂ ಇಲ್ಲ. "ನಮ್ಮಪ್ಪ ಶಾಣ್ಯಾ ಇದ್ದ" ಅಂದನಷ್ಟೇ.

ಅಕ್ಟೋಬರದಲ್ಲಿ ಎಲ್ಲರಿಗೂ ಕಾಲ್ ಲೆಟರ್ ಹೋಯಿತು. ಆಸಿಫನಿಗೆ ಹೋಗಲಿಲ್ಲ.

ಜಲಾಲುದ್ದೀನ ಫಲಕ ಕಂಕುಳಲ್ಲಿ ಇಟ್ಟುಕೊಂಡು ಶಿರೀಷನ ಕೋಣೆಗೆ ಹೋದ.

"ಸಾಹೇಬ್ರ, ಆಸಿಫಗ ಕಾಗದ ಮುಟ್ಟಿಲ್ಲ."

"ಹೌದು. ಪಟ್ಟಿ ನೋಡೀರಲ್ಲ, ನಲವತ್ತೊಂದು ತಪ್ಪು ಅವ."

"ನಲವತ್ತೊಂದು ತಪ್ಪಲ್ರಿ. ನಲವತ್ತೊಂದ ಸಲ ಖರೆ ಹೇಳ್ಯಾನ."

"ಜಲಾಲಸಾಬ್ರ, ನಿಮ್ಮ ಮ್ಯಾಲೆ ನನಗ ಭಾಳ ಗೌರವ ಅದ. ಆದ್ರ ತೌಸಿಫಂದು ಸೊನ್ನಿ ಅದಲ್ಲ?"

"ತೌಸಿಫ ಬರದೇ ಇಲ್ರಿ!"

"ದಿನಾ ಬರದಾನ. ಎಲ್ಲ ಸರಿ ಅಂತ ನೂರಾ ನಲವತ್ತ ಸಲ ಅದ."

"ಮೊದಲನೇ ಹಾಳಿ ತಗದ ಓದ್ರಿ. ರಾಯರು ಬರದಾರ, ಶಿಕ್ಷಾ ಇಲ್ಲಂತ."

ಶಿರೀಷ ಕಂಪ್ಯೂಟರ್ ಹುಡುಕಿದ. ಖರೆಯಾಗಿಯೇ ಹುಡುಕಿದ, ಅವನೇನು ಕೆಟ್ಟವನಲ್ಲ. "ಹಂಗೇನೂ ಇಲ್ಲಲ್ರಿ ಇದರಾಗ" ಅಂದ. "ಮತ್ತ ಇದು ಶಿಕ್ಷಾನೂ ಅಲ್ಲ. ಒಬ್ಬಾಂವನ್ನ ಕಡಿಮಿ ಮಾಡ್ಬೇಕಂತ ಹೆಡ್ ಆಫೀಸ್ ಹೇಳ್ತು, ಮಾಹಿತಿ ಯಾರನ್ನ ತೋರಸ್ತು, ಅವನ ಹೆಸರು ಕಳಿಸಿದ್ವಿ."

ಫಲಕವನ್ನು ಟೇಬಲ್ಲಿನ ಮೇಲೆ ಬೋರಲಾಗಿ ಇಟ್ಟು ಜಲಾಲುದ್ದೀನ ಹೊರಗೆ ಬಂದ. ಧಾರವಾಡಕ್ಕೆ ಫೋನು ಹಚ್ಚಿದ. ರಾಯರು ಕೇಳಿಸಿಕೊಂಡು, "ಪತ್ರ ಬರೀತೇನಿ. ಆದ್ರ ಜಲಾಲುದ್ದೀನ, ಕುರ್ಚಿ ಮ್ಯಾಲಿದ್ದಾಗ ಅದು ಸಹಿ ಇತ್ತು, ಈಗ ಅದು ಬರೇ ನನ್ನ ಹೆಸರು" ಅಂದರು. ಪತ್ರ ಬರೆದರು ಕೂಡ. ಜವಾಬು ಬರಲಿಲ್ಲ.

ಇಳಕಲ್ಲಿಗೆ ಹೋದ. ಆಸಿಫನ ಮನೆಯಲ್ಲಿ ಮಗ್ಗದ ಸಪ್ಪಳ ಕೇಳುತ್ತಿತ್ತು. ಬಾಗಿಲು ಬಡಿದಾಗ ನಿಂತಿತು. ನರ್ಗೀಸ ಹೊರಗೆ ಬಂದಳು.

"ಅವ್ರು ಇಲ್ರಿ ಚಾಚಾ. ಗ್ರಾನೈಟ್ ಕೆಲಸಕ್ಕ ಹೋಗ್ಯಾರ."

ಆಸಿಫನ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇದ್ದವು. ಜಲಾಲುದ್ದೀನ ಅವನ್ನು ನೋಡಿದ. ಅವನು ನೋಡಿದ್ದನ್ನು ನರ್ಗೀಸ ನೋಡಿದಳು.

"ನಮ್ಮವ್ರು ಬರಿಯಾಕ ಅಂಜಿದಾಗ ನಾನ ಧೈರ್ಯಾ ಹೇಳಿದ್ನಿ" ಅಂದಳು. "ಚಾಚಾ ಅಷ್ಟ ಮಾತು ಕೊಟ್ಟಾರಂದ್ರ ಬರೀರಿ ಅಂದ್ನಿ. ನೀರು ತರ್ಲೇನು?"

ಅವನು ನೀರು ಕುಡಿದು ಬಸ್ಸು ಹತ್ತಿದ.

ಹೊಸ ಹಂಗಾಮು ಶುರುವಾಯಿತು. ವಹಿಯ ಬದಲು ಒಂದು ಟ್ಯಾಬ್ ಬಂತು. ಹಸಿರು ಗುಂಡಿ ಒತ್ತಿದರೆ 'ಎಲ್ಲ ಸರಿ'. ಎಲ್ಲರೂ ಹಸಿರು ಒತ್ತಿದರು. ಹಾಳಾದ ಪ್ಯಾನುಗಳು ಕರೆಂಟಿನ ಹೆಸರಿಗೆ, ಪಂಪಿನ ಹೆಸರಿಗೆ, ಕಬ್ಬಿನ ಹೆಸರಿಗೆ ಹೋದವು. ಗಾಜು ಒರೆಸುವುದು ಮೊದಲಿಗಿಂತ ಜೋರಾಗಿ ಮರಳಿ ಬಂತು. ಕೆಳಗಿನ ವಿಭಾಗದಿಂದ ಆಸಿಫನ ಜಾಗಕ್ಕೆ ತಂದು ನಿಲ್ಲಿಸಿದವನಿಗೆ ಜಲಾಲುದ್ದೀನ ಗಾಜು ಹಿಡಿದು, "ಬಾರಪಾ, ಇಲ್ಲಿ ನೋಡು" ಅಂದರೆ, ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ್ರಿ ಯಜಮಾನ್ರ, ನಿಮ್ಮ ಸಹವಾಸ ಮಾಡಬ್ಯಾಡಂತ ಕೆಳಗ ಹೇಳಿ ಕಳಿಸ್ಯಾರ" ಅಂದ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅರ್ಧ ಹಂಗಾಮು ಕಳೆದರೂ ಒಂದೂ ತಪ್ಪಿಲ್ಲ. ಶಿರೀಷ ಆ ಚಿತ್ರವನ್ನು ಬಾಗಲಕೋಟೆಯ ಹೆಡ್ ಆಫೀಸಿಗೆ ಒಯ್ದು ತೋರಿಸಿ ಬಂದ.

ಆಗ ಜಲಾಲುದ್ದೀನನಿಗೆ ಒಂದು ಹಟ ಹಿಡಿಯಿತು. ಕಂಬ ಎತ್ತರ ಇದ್ದವನನ್ನು ತೆಗೆಯುವುದೇ ನ್ಯಾಯವಾದರೆ ತನ್ನ ಕಂಬವನ್ನು ಆಸಿಫನ ಕಂಬಕ್ಕಿಂತ ಎತ್ತರ ಮಾಡುತ್ತೇನೆ ಎಂದು, ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕುಳಿತು, ಪ್ಯಾನು ಹಿಡಿದಂದಿನಿಂದ ಮಾಡಿದ ತಪ್ಪುಗಳನ್ನೆಲ್ಲ ಬರೆಯತೊಡಗಿದ. ತಾರೀಖು ನೆನಪಾಗದಿದ್ದರೆ ರಂಜಾನಬಿಯನ್ನು ಕೇಳುವುದು.

"ಆ ಪ್ಯಾನು ಕಲ್ಲಾತಲಾ, ಅದ ಯಾವ ವರ್ಷ?"

"ಮುಬಶೀರಾ ಹೊಟ್ಟ್ಯಾಗಿದ್ಲು. ನೀವು ಬಂದವ್ರ ಉಣಲಾರದ ಮಕ್ಕೊಂಡ್ರಿ, ನಾ ಬ್ಯಾನಿ ತಿನ್ಕೋತ ನಿಮಗ ಗಾಳಿ ಹಾಕಿದ್ನಿ."

"ಅದನ್ನೂ ಬರೀಲೇನು?"

"ಬರೀರಿ. ಅದ ಎಲ್ಲಾದ್ಕಿಂತ ದೊಡ್ಡ ತಪ್ಪು."

ಒಂಬತ್ತು ದಿನ ಬರೆದ. ನೂರಾ ಮೂವತ್ತೇಳು ಆದವು. ಪ್ರತಿಯೊಂದರ ಕೆಳಗೆ ಯಾಕೆ ಆಯಿತು, ಹೇಗೆ ತಪ್ಪಿಸಬಹುದಿತ್ತು ಎಂಬುದನ್ನೂ ಬರೆದ. ಬರೆಯುತ್ತ ಹೋದಂತೆ ಹಟಕ್ಕಿಂತ ಅದೇ ಮುಖ್ಯವಾಗಿ, ಹಾಳೆಗಳ ಅಂಚಿನಲ್ಲಿ ಕಾಳಿನ ಚಿತ್ರಗಳೂ ಮೂಡಿದವು. ಒಯ್ದು ಮಯೂರಿಯ ಮುಂದೆ ಇಟ್ಟ. ಅವಳು ಪಾಪ, ಮೊದಲನೆಯದನ್ನು ಟೈಪ್ ಮಾಡಿ ನೋಡಿದಳು.

"ತೊಗೊಳ್ಳವಲ್ದು ಕಾಕಾ. ಈ ಹಂಗಾಮಿನ ತಾರೀಖು ಅಷ್ಟ ತೊಗೋತದ. ಹಳೇದು ಹಾಕಿದ್ರ ಕೆಂಪು ಬರ್ತದ."

ಶಿರೀಷ ಹೊರಗೆ ಬಂದು ಹಾಳೆಗಳನ್ನು ತಿರುವಿ ಹಾಕಿದ. "ಏ, ಭಾಳ ಚಂದ ಬರದೀರಿ! ನೀವು ರಿಟೈರ್ ಆಗೋ ದಿನ ಒಂದ ಹಾಳಿ ಫ್ರೇಮ್ ಹಾಕಸೂಣು."

"ಸಾಹೇಬ್ರ, ನಂದು ನೂರಾ ಮೂವತ್ತೇಳು ಆದ್ವು. ಆಸಿಫಂದು ನಲವತ್ತೊಂದು. ನಿಮ್ಮ ಕಾಯದೆ ಪ್ರಕಾರ ನನ್ನ ತಗೀರಿ, ಅವನ್ನ ಕರೀರಿ."

"ಮಶ್ಕಿರಿ ಮಾಡಬ್ಯಾಡ್ರಿ" ಎಂದು ಶಿರೀಷ ಅವನ ಹೆಗಲು ತಟ್ಟಿದ. ಆ ತಟ್ಟುವಿಕೆಯನ್ನು ಜಲಾಲುದ್ದೀನ ಮರೆಯಲಿಲ್ಲ. ಬೈದಿದ್ದರೂ ತಾಳುತ್ತಿದ್ದ.

ನಿವೃತ್ತಿಗೆ ಹದಿನಾಲ್ಕು ತಿಂಗಳು ಇರುವಾಗಲೇ ರಾಜೀನಾಮೆ ಬರೆದುಕೊಟ್ಟ. ಆಗ ಮಾತ್ರ ಆಫೀಸಿನಲ್ಲಿ ಗಡಿಬಿಡಿಯಾಯಿತು. ಹೋಗುವ ಮೊದಲು ಅವನ ತಿಳುವಳಿಕೆಯನ್ನೆಲ್ಲ ವಿಡಿಯೋ ಮಾಡಿಕೊಳ್ಳಬೇಕೆಂದು ಮೀಟಿಂಗ್ ಹಾಲ್‌ನಲ್ಲಿ ಕ್ಯಾಮೆರಾ ನಿಲ್ಲಿಸಿದರು. ಕುರ್ಚಿ ಹಾಕಿದರು. ಶಿರೀಷನೇ ಪ್ರಶ್ನೆ ಕೇಳಿದ.

"ಕಾಳು ಹದಕ್ಕ ಬಂತು ಅಂತ ನಿಮಗ ಹೆಂಗ ಗೊತ್ತಾಗ್ತದ?"

"ಆಸಿಫನ್ನ ಕೇಳ್ರಿ."

"ಒಣಗಿದ ಕಬ್ಬು ಬಂದಾಗ ಏನ್ ಮಾಡ್ಬೇಕು?"

"ಆಸಿಫನ್ನ ಕೇಳ್ರಿ."

ಮೂರನೆಯದಕ್ಕೂ ಅದೇ ಉತ್ತರ ಬಂದಾಗ ಶಿರೀಷ ಕ್ಯಾಮೆರಾ ಆರಿಸಿದ. "ಹೇಳಿಕೊಡಬೇಕು, ಮುಚ್ಚಿಡಬಾರದು ಅನ್ನಾವ್ರು ನೀವ ಅಲ್ಲೇನ್ರಿ?"

"ಹೇಳಿಕೊಟ್ಟೇನಿ ಸಾಹೇಬ್ರ. ಕಲ್ತಾಂವ ಗೇಟಿನ ಹೊರಗದಾನ. ಕರಕೊಂಡ ಬರ್ರಿ, ಇಬ್ರೂ ಕೂಡೇ ಹೇಳ್ತೇವಿ."

"ಅದು ನನ್ನ ಕೈಯಾಗಿಲ್ಲ."

"ಹಂಗಂದ್ರ ಇದೂ ನನ್ನ ಕೈಯಾಗಿಲ್ಲ."

ಮನೆಗೆ ಬರುವಾಗ ಗೆದ್ದಂತೆ ಅನಿಸಿತ್ತು. ರಂಜಾನಬಿ ಎಲ್ಲ ಕೇಳಿಸಿಕೊಂಡು, ಅಕ್ಕಿ ಆರಿಸುತ್ತಲೇ, "ಚಲೋ ಆತು. ಉಸ್ತಾದ ಗ್ವಾಡಿಗೆ ಮಾರಿ ಮಾಡಿ ನಿಂತಾ, ನೀವು ಕ್ಯಾಮೆರಾಕ್ಕ ಮಾರಿ ಮಾಡಿ ಕುಂತ್ರಿ. ಫರಕ್ ಏನಾತು?" ಅಂದಳು. ಗೆಲುವು ಅಲ್ಲೇ ಇಳಿದುಹೋಯಿತು. ಆ ಹಂಗಾಮಿನ ಕಡೆಯ ಪಾಳಿಗಳಲ್ಲಿ ಆಸಿಫನ ಜಾಗದವನು ಮೆಟ್ಟಿಲು ಹತ್ತಿ ಬರುವಾಗ ಜಲಾಲುದ್ದೀನ ಒರೆಸದ ಗಾಜನ್ನು ಬಲ್ಬಿನ ಕೆಳಗೆ ಇಟ್ಟೇ ಇಳಿಯುತ್ತಿದ್ದ. ಅದನ್ನು ಯಾರಾದರೂ ನೋಡಿದರೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಮಾರ್ಚ್ ಕೊನೆಗೆ ಕ್ವಾರ್ಟರ್ಸು ಖಾಲಿ ಮಾಡಿದರು. ಬೇವೂರಿನ ಅಣ್ಣನ ಮನೆಯ ಪಕ್ಕದಲ್ಲಿ ಎರಡು ಕೋಣೆ ಇದ್ದವು, ಸಾಮಾನು ಅಲ್ಲಿಗೆ. ಟೆಂಪೋದಲ್ಲಿ ಮಂಚ, ಹಂಡೆ, ಜೋಳದ ಚೀಲ ಏರಿದವು. ಲೀಲಾಬಾಯಿ ಬುತ್ತಿ ಕಟ್ಟಿಕೊಂಡು ಬಂದು, ರಂಜಾನಬಿಯ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತ ನಿಂತರು.

"ಮಂದಿ ಏನೇನೋ ಆಡಿದ್ರು. ಒಂದೆರಡು ಮಾತು ನಾನೂ ಆಡೇನಿ. ಮನಸಿನ್ಯಾಗ ಇಟಗೋಬ್ಯಾಡ್ರಿ ಜಲಾಲಸಾಬ್ರ."

"ಇಟಗೊಂಡೇನಿ ಟೀಚರ್" ಅಂದ ಜಲಾಲುದ್ದೀನ. "ಬೇವೂರಿಗೆ ಹೋದ ಮ್ಯಾಲೆ ಸಾವಕಾಶ ತಗೀತೇನಿ."

ರಂಜಾನಬಿ ಡ್ರೈವರನ ಪಕ್ಕದಲ್ಲಿ ಕುಳಿತು ಜಾಗ ಬಿಟ್ಟಳು. ಅವನು ಹತ್ತಲಿಲ್ಲ. ಮತ್ತೆ ಒಳಗೆ ಹೋಗಿ ಗೋಡೆಯ ಗೂಡಿನಲ್ಲಿದ್ದ ಕೈಚೀಲ ತಂದ. ಅದರಲ್ಲಿ ನೂರಾ ಮೂವತ್ತೇಳು ತಪ್ಪುಗಳ ಹಾಳೆಗಳಿದ್ದವು.

"ನೀವು ನಡೀರಿ. ನಾ ಇಳಕಲ್ಲಿಗೆ ಹೋಗಿ ಬರ್ತೇನಿ."

"ಮತ್ತ? ಹ್ವಾದ ಸಲ ನೀರು ಕುಡಿಸಿ ಕಳಿಸ್ಯಾರ."

"ಇದು ಅವಂಗ ಮುಟ್ಟಬೇಕು. ಬ್ಯಾರೆ ಕಾರ್ಖಾನ್ಯಾಗ ಪ್ಯಾನು ಹಿಡದ್ರ ಉಪೇಗ ಬೀಳತೈತಿ. ಅವ ಹಿಡೀಲಿಲ್ಲಂದ್ರ, ಆತು, ಮುಟ್ಟಿಸಿ ಬರ್ತೇನಿ."

"ಬಾಗಲಾ ತಗೀಲಿಲ್ಲಂದ್ರ?"

"ಹೊರಗ ಕುಂತು ಓದತೇನಿ. ಮಗ್ಗದ ಸಪ್ಪಳಕ್ಕಿಂತ ಜೋರಾಗಿ ಓದತೇನಿ. ನೂರಾ ಮೂವತ್ತೇಳು ಅದಾವ, ಸಂಜಿತನಕ ಆಗತೈತಿ."

"ನೂರಾ ಮೂವತ್ತೆಂಟು" ಅಂದಳು ರಂಜಾನಬಿ. "ಅವಂಗ ಮಾತು ಕೊಟ್ಟದ್ದು ಬರದಿಲ್ಲ ನೀವು."

ಜಲಾಲುದ್ದೀನ ಕಿಸೆಯಿಂದ ಪೆನ್ನು ತೆಗೆದ. ಟೆಂಪೋದ ಬಾನೆಟ್ಟಿನ ಮೇಲೆ ಕಡೆಯ ಹಾಳೆ ಹಾಸಿ, ನಿಂತಲ್ಲೇ ನಾಲ್ಕು ಸಾಲು ಬರೆದ. ಡ್ರೈವರ ಹಾರ್ನು ಹೊಡೆದ. ಬರೆದು ಮುಗಿಸಿ, ಹಾಳೆ ಚೀಲದಲ್ಲಿಟ್ಟು, ಮನೆಯ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈಯನ್ನು ಲೀಲಾಬಾಯಿಯ ಕೈಗೆ ಕೊಟ್ಟ. ಟೆಂಪೋ ಒಂದು ಕಡೆಗೆ ಹೊರಟಿತು. ಅವನು ಇನ್ನೊಂದು ಕಡೆಗೆ, ಇಳಕಲ್ಲಿಗೆ ಹೋಗಲು ಹಿಡಿಯಬೇಕಾದ ಬಾದಾಮಿ ಬಸ್ಸು ಬರುವ ದಾರಿಗೆ, ಚೀಲವನ್ನು ಎದೆಗೆ ಒತ್ತಿ ಹಿಡಿದು ನಡೆದ.